ಜ್ವರ ಬಾರದ ಇಂಜೆಕ್ಷನ್

ನವೆಂಬರ್ ೧೪, ಗುರುವಾರ

ಈ ಮನೆಗೆ ಹಿರಿಯಳು ನಾನು. ನನ್ನ ಕಣ್ಣು ತಪ್ಪಿಸಿ ಇಲ್ಲಿ ಒಂದು ಚಮಚವೂ ಜಾಗ ಬದಲಿಸುವುದಿಲ್ಲ. ಹಾಗಿರುವಾಗ ನನ್ನ ಔಷಧಿಯನ್ನೇ ಬದಲಿಸಿದರೆ?

ಲಿವರ್‌ಗೆ ಹಿಡಿದ ವೈರಸ್ಸಿಗೆಂದು ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್. ಚುಚ್ಚುವವಳು ನರ್ಸ್ ಆಗಿರುವ ಕಿರಿಯ ಸೊಸೆ. ಮೊದಲ ಮೂರು ವಾರ ಚುಚ್ಚಿಸಿಕೊಂಡ ರಾತ್ರಿಯೇ ಹಲ್ಲು ಕಟಕಟ ಎನ್ನುವಂತೆ ಜ್ವರ ಬಂತು. ಆಮೇಲೆ ಮೈ ಬೆಚ್ಚಗೂ ಆಗಲಿಲ್ಲ. ನೀರು ಚುಚ್ಚುತ್ತಿದ್ದಾಳೆ ಎಂದುಕೊಂಡೆ. ಇವತ್ತು ಅವಳ ಎದುರಿಗೇ ಡಾಕ್ಟರಿಗೆ ಹೇಳಿಯೂ ಬಿಟ್ಟೆ.

ಡಾಕ್ಟರು ನಕ್ಕರು. "ಅಮ್ಮಾ, ಈ ಔಷಧಿ ತಾನೇ ವೈರಸ್ಸನ್ನ ಕೊಲ್ಲಲ್ಲ. ಜೀವಕೋಶದ ಹೊರಗೆ ಕೂತು ಒಳಗಿನ ಜೀನ್‌ಗಳಿಗೆ ಸುದ್ದಿ ಮುಟ್ಟಿಸುತ್ತೆ. ಆಗ ವೈರಸ್ ಬೆಳೀದ ಹಾಗೆ ತಡೆಯೋ ಪ್ರೋಟೀನನ್ನ ಕೋಶವೇ ಮಾಡ್ಕೊಳ್ಳುತ್ತೆ. ಮೈಗೆ ರೂಢಿಯಾದ್ರೆ ಜ್ವರ ನಿಲ್ಲಬಹುದು, ಆ ಕೆಲಸ ನಿಲ್ಲಲ್ಲ."

"ಕಣ್ಣಿಗೆ ಕಾಣದ ಕೆಲಸಾನ ಹೇಗೆ ನಂಬ್ಲಿ?" ಎಂದೆ. ರಕ್ತದ ರಿಪೋರ್ಟ್ ಮುಂದಿಟ್ಟರು. ವೈರಸ್ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಮೇಲಿನ ಹೆಸರನ್ನು ಎರಡು ಸಲ ಓದಿದೆ. ನನ್ನದೇ.

ಮನೆಗೆ ಬಂದಾಗ ಬಾಗಿಲಲ್ಲೇ ಸೊಸೆ, "ಅತ್ತೆ, ಇನ್ಮೇಲೆ ಬೇರೆ ನರ್ಸನ್ನ ಕರೆಸ್ಕೊಳ್ಳಿ" ಎಂದಳು.

ತಪ್ಪಾಯಿತು ಎನ್ನಲು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಈ ವಾರದ ಇಂಜೆಕ್ಷನ್ ಇವತ್ತೇ ಆಗಬೇಕಿತ್ತು. ಊಟವಾದ ಮೇಲೆ ಕನ್ನಡಕ ತೆಗೆದಿಟ್ಟು ಅವಳ ಕೋಣೆಗೆ ನಾನೇ ಹೋದೆ. ಗೋಡೆಯ ಕಡೆ ಮುಖ ತಿರುಗಿಸಿ ತೋಳು ಒಡ್ಡಿದೆ.