ಅಕ್ಕ ಎದ್ದಿದ್ದಾಳೇನ್ರೀ?

ಪ್ರೀತಿಯ ಅಕ್ಕನಿಗೆ,

ನಿನ್ನ ಕೋತಿ ತಮ್ಮನ ನಮಸ್ಕಾರ. ಮನೆ ಸೇರಿದ ಕೂಡಲೇ ಫೋನ್ ಮಾಡು ಎಂದಿದ್ದೆಯಲ್ಲ, ಮನೆ ಇನ್ನೂ ಸೇರಿಲ್ಲ. ರೈಲು ಬದಲಿಸಬೇಕಾದ ನಿಲ್ದಾಣದಲ್ಲಿ, ಚಹಾದ ಅಂಗಡಿ ಪಕ್ಕದ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳಹೊರಟರೂ ನೀನು ನಡುವೆ ನಕ್ಕು ಮಾತು ಹಾರಿಸಿಬಿಡುತ್ತೀಯ. ಪತ್ರವಾದರೆ ನಿನಗೆ ಅಡ್ಡಬಾಯಿ ಹಾಕಲು ಆಗದು. ಪೂರ್ತಿ ಓದು.

ಚಳಿ ಹೋಗಿ ಮರಗಳು ಚಿಗುರುವ ಹೊತ್ತಿಗೆ ಫೋಟೋ ಸ್ಟುಡಿಯೋಗೆ ಬೀಗ ಜಡಿದು ನಿಮ್ಮನ್ನೆಲ್ಲ ನೋಡಲು ಹೊರಡುವುದು ನನ್ನ ವರುಷ ವರುಷದ ರೂಢಿ. ಮೊದಲ ಮನೆ ಯಾವಾಗಲೂ ನಿನ್ನದು. ನಿನ್ನ ಕೈಲಿ ಬೈಸಿಕೊಂಡ ಮೇಲೆಯೇ ಉಳಿದವರ ಮನೆಗೆ ಹೋಗುತ್ತಿದ್ದದ್ದು. ಈ ವರ್ಷ ಮಾತ್ರ ಎಲ್ಲ ತಿರುಗುಮುರುಗು ಆಯಿತು. ಮೊದಲು ನಮ್ಮ ಗಡಿಯಾರನ ಮನೆಗೆ ಹೋದೆ. ಶಾಲೆಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ ನನ್ನ ಗೆಳೆಯನಿಗೆ ಆ ಹೆಸರಿಟ್ಟವಳು ನೀನೇ. ಆಮೇಲೆ ಚಿಕ್ಕಪ್ಪನ ಮನೆ. ಎಲ್ಲ ಮುಗಿದ ಮೇಲೆ ನೀನು. "ನಿನ್ ಹತ್ರ ನಾಕು ದಿನ ನಿಧಾನವಾಗಿ ಇರೋಣ ಅಂತ ಕೊನೇಗೆ ಇಟ್ಕೊಂಡಿದೀನಿ ಕಣೇ" ಎಂದು ಫೋನಿನಲ್ಲಿ ಬೆಣ್ಣೆ ಸವರಿದೆ. ಅದು ಅಪ್ಪಟ ಸುಳ್ಳು. ನಿನ್ನನ್ನು ನೋಡಲು ನನಗೆ ಹೆದರಿಕೆಯಾಗಿತ್ತು.

ನೀನು ಚಿಕಿತ್ಸೆಗೆಂದು ಆಸ್ಪತ್ರೆಗೂ ಮನೆಗೂ ಓಡಾಡಿದ ಅಷ್ಟೂ ತಿಂಗಳು ನಾನು ಫೋನಿನಲ್ಲೇ ತಮ್ಮನಾಗಿದ್ದೆ. ಇವತ್ತು ಕೆಲಸ ಜಾಸ್ತಿ, ನಾಳೆ ಚಳಿ ಜಾಸ್ತಿ ಎಂದು ದಿನ ತಳ್ಳಿದೆ. ಗಡಿಯಾರ ಬಾಗಿಲಲ್ಲೇ ಕೇಳಿದ, "ಅಕ್ಕ ಹೇಗಿದಾರೋ?" ಎಂದು. "ಆರಾಮಾಗಿದಾಳೆ" ಎಂದೆ. ಚಿಕ್ಕಪ್ಪ ಕೇಳಿದಾಗಲೂ ಅದನ್ನೇ ಹೇಳಿದೆ, "ಉದುರಿದ್ದ ಕೂದ್ಲೂ ಮತ್ತೆ ಬಂದಿದೆಯಂತೆ" ಎಂದು ಸೇರಿಸಿಯೂ ಸೇರಿಸಿದೆ. ಆ 'ಅಂತೆ'ಯನ್ನು ಚಿಕ್ಕಪ್ಪ ಹಿಡಿದುಕೊಂಡರು. "ಅಂತೆ ಅಂದ್ರೆ? ನೀನಿನ್ನೂ ನೋಡೇ ಇಲ್ವಾ?" ಎಂದರು. ನಾನು ಕಿಟಕಿಯಾಚೆ ಅರಳಿದ್ದ ಹೂವಿನ ಗಿಡ ತೋರಿಸಿ ಅದನ್ನು ಯಾವಾಗ ನೆಟ್ಟದ್ದು ಎಂದು ವಿಚಾರಿಸಿದೆ.

ಹಾಗೆ ನಿನ್ನ ಬಾಗಿಲಿಗೆ ಬಂದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೆ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹಣ್ಣಿನ ಭಾರದ ಚೀಲ. ಬಾಗಿಲು ತೆರೆಯಿತು. ತೆಳ್ಳಗಿನ ಒಬ್ಬ ಹೆಂಗಸು ನಿಂತಿದ್ದರು, ಗಿಡ್ಡ ಬಿಳಿಗೂದಲು, ಮೈಮೇಲೆ ಭಾವನ ಹಳೆಯ ಸ್ವೆಟರ್. ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡಿದ್ದೇವೆ ಎಂದು ಭಾವ ಹೇಳಿದ್ದು ನೆನಪಿತ್ತು. ಚೀಲವನ್ನು ಅವರ ಕೈಗೆ ತುರುಕಿ, ಚಪ್ಪಲಿ ಬಿಚ್ಚಲು ಬಗ್ಗಿ, "ಸ್ವಲ್ಪ ಇದನ್ನ ಹಿಡ್ಕೊಳ್ಳಿ. ಅಕ್ಕ ಎದ್ದಿದ್ದಾಳೇನ್ರೀ?" ಎಂದೆ.

ಹುಟ್ಟಿದಾಗಿನಿಂದ ನಿನ್ನನ್ನು ಏನೇನೋ ಕರೆದಿದ್ದೇನೆ. ಲೇ ಎಂದಿದ್ದೇನೆ, ಕಣೇ ಎಂದಿದ್ದೇನೆ, ಕತ್ತೆ ಎಂದಿದ್ದೇನೆ. ನಿನ್ನ ಮದುವೆಯಲ್ಲಿ ಹಿರಿಯರೆದುರು ಮರ್ಯಾದೆಯಿಂದ ಮಾತಾಡು ಎಂದು ಅಮ್ಮ ತಿವಿದಾಗಲೂ ಬಹುವಚನ ನಾಲಿಗೆಗೆ ಬಂದಿರಲಿಲ್ಲ. ಆ ಒಂದು 'ರೀ' ನನ್ನ ಬಾಯಿಂದ ಬಿತ್ತಲ್ಲ ಅಕ್ಕಾ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ನೀನು ಗಂಟಲು ಬದಲಿಸಿ, ಯಾರದೋ ದನಿಯಲ್ಲಿ, "ಎದ್ದಿದ್ದಾರೆ. ಕೂತ್ಕೊಳ್ಳಿ, ಕರೀತೀನಿ" ಎಂದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದೆ. ನಾನು ಕಾಲಮೇಲೆ ಕಾಲು ಹಾಕಿ ಕೂತೆ. ಒಳಗೆ ನಲ್ಲಿಯ ನೀರು ಬೀಳುತ್ತಿದ್ದದ್ದು ಕೇಳಿಸುತ್ತಿತ್ತು. ಬಹಳ ಹೊತ್ತು ಬಿತ್ತು. ಅದು ನಿಂತ ಮೇಲೆ ಒಳಗಿನಿಂದ ನಿನ್ನದೇ ದನಿ ಬಂತು, "ಬಂದ್ಯಾ ಕೋತಿ?" ಎಂದು. ಹಿಂದೆಯೇ ಅದೇ ಬಿಳಿಗೂದಲು, ಅದೇ ಸ್ವೆಟರ್, ಆಗಷ್ಟೇ ತೊಳೆದ ಮುಖ. ಕೂತಲ್ಲೇ ನಾನು ಕಲ್ಲಾದೆ.

ಹಿಂದಿನ ಬಾಲ್ಕನಿಯಿಂದ ಭಾವ ಬರುವಷ್ಟರಲ್ಲಿ ನೀನು ಕಥೆ ಶುರು ಮಾಡಿಬಿಟ್ಟಿದ್ದೆ. "ನೋಡ್ರೀ, ನಿಮ್ ಭಾವಮೈದ ಬಂದವನೇ ಏನ್ ನಾಟಕ ಆಡಿದ! ನನ್ನನ್ನೇ ಅಕ್ಕ ಎದ್ದಿದ್ದಾಳೇನ್ರೀ ಅಂತಾನೆ. ನಾನೂ ಬಿಡ್ಲಿಲ್ಲ, ಕರೀತೀನಿ ಕೂತ್ಕೊಳ್ಳಿ ಅಂದೆ!" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ನನ್ನ ಕಡೆ ನೋಡಿದೆ. ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು ಹಲ್ಲು ಕಿರಿದು, "ಮತ್ತೆ? ನಿನ್ನ ಹಾಗೆಲ್ಲ ಸುಲಭಕ್ಕೆ ಬಿಡ್ತೀನಾ?" ಎಂದೆ. ಆಮೇಲೆ ಭಾವ ನನ್ನನ್ನು ಅಡುಗೆಮನೆಗೆ ಕರೆದು ಭುಜ ತಟ್ಟಿದರು. "ಎಷ್ಟು ದಿನ ಆಗಿತ್ತೋ ಅವಳು ಹಿಂಗೆ ನಕ್ಕು. ನೀನ್ ಬಂದಿದ್ದು ಒಳ್ಳೇದಾಯ್ತು" ಎಂದರು. ಹಣ್ಣಿನ ಚೀಲ ನೋಡಿ, "ಇದನ್ನ ಯಾರು ಇಲ್ಲಿತನಕ ತಂದಿಟ್ರು? ಅವಳು ಭಾರ ಎತ್ತಕೂಡದು" ಎಂದರು. "ನಾನೇ" ಎಂದೆ.

ಅಲ್ಲಿಂದ ಹೊರಡುವವರೆಗೂ ನಾನು ಆ ಹೊಗಳಿಕೆಯ ಅನ್ನ ತಿಂದೆ. ಪಕ್ಕದ ಮನೆಯವರಿಗೆ ನೀನು ಕಥೆ ಹೇಳಿದೆ, ಔಷಧಿ ಅಂಗಡಿಯವನಿಗೂ ಹೇಳಿದೆ, ಹೇಳಿದಾಗಲೆಲ್ಲ ನನ್ನ ನಟನೆಗೆ ಇನ್ನೊಂದಿಷ್ಟು ಬಣ್ಣ ಬಳಿದೆ. ಪ್ರತಿ ಸಲವೂ ಮುಗಿಸಿ ನನ್ನ ಮುಖ ನೋಡುತ್ತಿದ್ದೆ. ಪ್ರತಿ ಸಲವೂ ನಾನು ನಕ್ಕೆ.

ಒಂದು ಮಧ್ಯಾಹ್ನ ನೀನು ನಿನ್ನ ಗುರುತಿನ ಚೀಟಿ ತಂದು ನನ್ನ ಮುಂದಿಟ್ಟೆ. ಯಾವುದೋ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತವನು ಚೀಟಿಯ ಫೋಟೋ ನೋಡಿ, ನಿನ್ನ ಮುಖ ನೋಡಿ, "ಇದು ಯಾರದೋ ಅವ್ರನ್ನೇ ಕರ್ಕೊಂಡ್ ಬನ್ನಿ ಅಮ್ಮಾ" ಎಂದನಂತೆ. ಅದನ್ನೂ ನೀನು ನಗುತ್ತಲೇ ಹೇಳಿದೆ. "ಹೊಸ ಫೋಟೋ ಬೇಕು ಕಣೋ. ನೀನೇ ತೆಗಿ. ಬೇರೆಯವ್ರ ಮುಂದೆ ಕೂರೋಕೆ ಮನಸ್ಸಿಲ್ಲ" ಎಂದೆ. ಕ್ಯಾಮೆರಾ ನನ್ನ ಪೆಟ್ಟಿಗೆಯಲ್ಲೇ ಇತ್ತು. ಕಿಟಕಿಯಿಂದ ವಸಂತದ ಬೆಳಕು ಕೋಣೆ ತುಂಬ ಚೆಲ್ಲಿತ್ತು, ನಾನು ಎಷ್ಟು ದೀಪ ಹಚ್ಚಿದರೂ ಸ್ಟುಡಿಯೋದಲ್ಲಿ ಸಿಗದಂಥ ಬೆಳಕು. "ಬೆಳಕು ಸಾಲದು ಕಣೇ, ನಾಳೆ ನೋಡೋಣ" ಎಂದೆ. ಮರುದಿನವೂ ಬೆಳಕು ಸಾಲದಾಯಿತು. ಮೂರನೆಯ ಸಲ ನೀನು ಕೇಳಲಿಲ್ಲ, ಚೀಟಿ ಎತ್ತಿಟ್ಟೆ.

ಬೆಳಕಿಗೇನಾಗಿತ್ತು? ಕ್ಯಾಮೆರಾದೊಳಗಿಂದ ನೋಡಿದರೂ ನಿನ್ನಲ್ಲಿ ನೀನು ಸಿಗದಿದ್ದರೆ ಏನು ಗತಿ ಎಂದು ನನಗೆ ದಿಗಿಲಾಗಿತ್ತು. ಮುಖ ನೋಡುವುದೇ ಕಸುಬಾದವನ ಯೋಗ್ಯತೆ ಇಷ್ಟು. ಬಂದವರಿಗೆಲ್ಲ ದಿನವಿಡೀ ಹೇಳುತ್ತೇನೆ, "ಕೂದಲು ಹಿಂದಕ್ಕೆ ಸರಿಸಿ, ಕಿವಿ ಕಾಣಬೇಕು" ಎಂದು. ಮೈ ಇಳಿಯಲಿ, ತಲೆ ನರೆಯಲಿ, ಕಿವಿ ಮಾತ್ರ ಅದೇ ಕಿವಿ. ನಿನ್ನ ಕಿವಿಗಳು ಅವತ್ತು ಬಾಗಿಲಲ್ಲಿ ಎದ್ದು ಕಾಣುತ್ತಿದ್ದವು. ಆದರೆ ನಾನು ಅವನ್ನು ಯಾವಾಗ ನೋಡಿದ್ದೆ ಹೇಳು? ನಾವು ಚಿಕ್ಕವರಿದ್ದಾಗ "ಮೊರದಗಲ ಕಿವಿ" ಎಂದು ಕುಣಿದು ಕುಣಿದು ರೇಗಿಸಿದವನು ನಾನು. ಅಂದಿನಿಂದ ನೀನು ಕಿವಿ ಮುಚ್ಚುವ ಹಾಗೆ ತಲೆ ಬಾಚಿಕೊಂಡೆ, ಮದುವೆಯ ಫೋಟೋದಲ್ಲೂ ಹಾಗೇ. ಈಗ ಮುಚ್ಚಿಕೊಳ್ಳಲು ಏನೂ ಇಲ್ಲದೆ ಬಾಗಿಲು ತೆರೆದೆ, ನಾನು ಚೀಲ ಕೊಟ್ಟೆ.

ಇವತ್ತು ಬೆಳಿಗ್ಗೆ ಹೊರಟಾಗ ನೀನು ಹೊಸಿಲಲ್ಲಿ ನಿಂತು, ಆ ಮೊದಲ ದಿನದ ದನಿಯಲ್ಲೇ, "ಹೋಗ್ಬನ್ರೀ" ಎಂದೆ. ಭಾವ ಮತ್ತೆ ನಕ್ಕರು. ನಾನೂ ನಗುತ್ತಲೇ ಮೆಟ್ಟಿಲಿಳಿದೆ. ತಿರುವಿನಲ್ಲಿ ತಲೆಯೆತ್ತಿ ನೋಡಿದರೆ ನೀನು ನಗುತ್ತಿರಲಿಲ್ಲ. ಕೈ ಕಿವಿಯ ಮೇಲಿತ್ತು.

ರೈಲಿನಲ್ಲಿ ದಾರಿಯುದ್ದಕ್ಕೂ ಆ ನಲ್ಲಿಯೇ ಕಿವಿಯಲ್ಲಿ ಸುರಿಯಿತು. ಹೊರಗೆ ಮೈಲಿಗಟ್ಟಲೆ ಎಳೆ ಹಸಿರು, ಎದುರಿಗೆ ಕೂತವರು ಅದನ್ನು ಮಗುವಿಗೆ ತೋರಿಸುತ್ತಿದ್ದರು, ನನಗೆ ಕಂಡದ್ದು ಮಾತ್ರ ಆಗಷ್ಟೇ ತೊಳೆದ ನಿನ್ನ ಮುಖ. ನಾಟಕ ಆಡಿದ್ದು ನೀನೊಬ್ಬಳೇ ಅಕ್ಕಾ. ತಮ್ಮನಿಗೆ ನನ್ನ ಗುರುತು ಸಿಗಲಿಲ್ಲ ಎಂದು ಆ ಗಳಿಗೆಯಲ್ಲೇ ನಿನಗೆ ಗೊತ್ತಾಯಿತು. ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ, ಮುಖ ತೊಳೆದೆ, ಹೊರಗೆ ಬಂದು ನನ್ನ ಮಾನ ಉಳಿಸಿದೆ. ಕಥೆ ಹೇಳಿದಾಗಲೆಲ್ಲ ಈಗಲಾದರೂ ಹೇಳುತ್ತಾನಾ ಎಂದು ನನ್ನ ಮುಖ ನೋಡಿದೆ. ಇಗೋ, ಹೇಳುತ್ತಿದ್ದೇನೆ. ಅದು ತಮಾಷೆಯಾಗಿರಲಿಲ್ಲ. ನನಗೆ ನಿನ್ನ ಗುರುತು ಸಿಗಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಗುರುತು ಸಿಗದಿದ್ದುದಕ್ಕಿಂತ ಹೆಚ್ಚಾಗಿ, ಗುರುತು ಸಿಕ್ಕ ಮೇಲೂ ಕಣ್ಣು ತಪ್ಪಿಸಿದ್ದಕ್ಕೆ ನಾಚಿಕೆಯಾಗುತ್ತಿದೆ.

ನಾನು ಹತ್ತಬೇಕಿದ್ದ ರೈಲು ಈಗಷ್ಟೇ ಹೊರಟುಹೋಯಿತು. ಪತ್ರ ಅರ್ಧಕ್ಕೆ ನಿಲ್ಲಿಸಿ ಕೌಂಟರಿಗೆ ಹೋಗಿ ನಿನ್ನೂರಿಗೆ ಟಿಕೆಟ್ ಕೇಳಿದೆ. ರೈಲಿಳಿದಾಗ ಮುಂದಿನ ಟಿಕೆಟ್ ಕೊಡುತ್ತ ಎಲ್ಲಿಂದ ಬಂದದ್ದೆಂದು ವಿಚಾರಿಸಿದ್ದವನೇ ಅಲ್ಲಿದ್ದ, ನನ್ನನ್ನು ಗುರುತು ಹಿಡಿದ. "ಅಲ್ಲಿಂದಲೇ ತಾನೇ ಸಾರ್ ಬಂದಿದ್ದು? ಏನಾದ್ರೂ ಮರೆತು ಬಂದ್ರಾ?" ಎಂದ. "ಅಲ್ಲಿ ಒಬ್ಬರನ್ನ ನೋಡೋದೇ ಉಳಿದುಹೋಯ್ತು" ಎಂದೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ, ನೀನು ಒಳಗೆ ಓದು. ನಲ್ಲಿ ತಿರುಗಿಸಬೇಡ, ಅಳು ಬಂದರೆ ಕೇಳಿಸುವ ಹಾಗೆ ಅಳು, ಬೈಗುಳ ಬಂದರೆ ಮೆಟ್ಟಿಲಿಗೆಲ್ಲ ಕೇಳಿಸುವ ಹಾಗೆ ಬೈ. ಆಮೇಲೆ ಆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡು. ಕೂದಲು ಸರಿಸಿ ಎಂದು ಹೇಳುವ ಕೆಲಸ ಈ ಸಲ ನನಗಿಲ್ಲ. ಕೈ ಮಾತ್ರ ಕಿವಿಯಿಂದ ತೆಗೆ.

ಕಿರಿಯವನು ಹರಸಬಾರದೆಂದರೂ ಹರಸುತ್ತೇನೆ, ಈ ಚಿಗುರು ಮುಗಿಯುವಷ್ಟರಲ್ಲಿ ನಿನಗೆ ಭಾರದ ಚೀಲ ಎತ್ತುವಷ್ಟು ಶಕ್ತಿ ಬರಲಿ. ಬಂದ ಮೇಲೂ ಎತ್ತಬೇಡ, ನಾನು ಎತ್ತುತ್ತೇನೆ. ನೀನು ಓದಿ ಮುಗಿಸಿದ ಮೇಲೆ ನಾನು ಮತ್ತೆ ಕರೆಗಂಟೆ ಒತ್ತಿದಾಗ ಬಾಗಿಲು ನೀನೇ ತೆಗೆ. ಯಾರು ಬೇಕಾಗಿತ್ತು ಎಂದು ಕೇಳು.

ನೀನು ಕಣೇ, ನೀನೇ ಬೇಕಾಗಿತ್ತು ಎನ್ನಲು ಬರುತ್ತಿರುವ,
ನಿನ್ನ ಕೋತಿ