ಕಿನ್ನರದ ಗಂಗೂ, ಬೊಬ್ರುವಾಡದ ದಮಯಂತಿ

ಬೊಬ್ರುವಾಡ, ಅಂಕೋಲಾ
೧೨ ಫೆಬ್ರುವರಿ ೨೦೦೬

ಮಗಾ ಮಧುಕರಾ, ನಿನ್ನ ಆಯಿಯ ಆಶೀರ್ವಾದ.

ಬೆನ್ನುನೋವು ಹೇಗಿದೆ? ವಾಸ್ಕೋದ ಬೋಟಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾ ಕುಡಿದು ಬಲೆ ಎಳೆಯುತ್ತೀಯೋ? ನನ್ನದು ಬಿಡು. ಇಲ್ಲಿ ದೊಡ್ಡ ಸುದ್ದಿ ಇದೆ, ಬರೆಯಲು ಕೂತರೆ ಕೈ ನಿಲ್ಲುತ್ತಿಲ್ಲ.

ಹೋದ ತಿಂಗಳು ನಿನ್ನ ಹೆಂಡತಿ ತವರಿಗೆ, ಕಿನ್ನರಕ್ಕೆ, ಹೋಗಿದ್ದಳಲ್ಲ, ಆಗ ಕಾರವಾರದಲ್ಲಿ ಹೆಂಗಸರ ತಪಾಸಣೆ ಶಿಬಿರ ಇತ್ತು. ಮಕ್ಕಳಾಗಲಿಲ್ಲವೆಂದು ಅವಳೂ ಹೋಗಿ ಬಂದಳು. ಹೆಸರು ಬರೆಸುವಾಗ ಬಾಯಿಗೆ ಬಂದದ್ದು ಹುಟ್ಟಿದ ಹೆಸರು, ಗಂಗೂ. ಊರು ಮಾತ್ರ ನಮ್ಮದು. ಮದುವೆಯ ದಿನ ನೀನು ಅಕ್ಕಿಯ ಮೇಲೆ ಉಂಗುರದಿಂದ ಬರೆದ ದಮಯಂತಿ ಎಂಬ ಹೊಸ ಹೆಸರು ತವರಲ್ಲಿ ಯಾರಿಗೆ ಬೇಕು? ನಿನ್ನೆ ಆಸ್ಪತ್ರೆಯ ಸಿಸ್ಟರ್ ವಿದ್ಯಾ ಆ ಶಿಬಿರದ ಪಟ್ಟಿ ಹಿಡಿದು ಬಿಸಿಲಲ್ಲಿ ಮನೆಮನೆ ತಿರುಗಿ ಗಂಗೂ ಎಲ್ಲಿ ಎಂದು ಕೇಳಿದಳು. "ಅದ್ಯಾರೇ ಗಂಗೂ? ನಮ್ಮ ಕೇರೀಲಿ ಅಂಥವ್ರು ಯಾರೂ ಇಲ್ಲ" ಎಂದು ಎದುರುಮನೆ ಕಾಮಿ ಅಟ್ಟಿಯೇಬಿಟ್ಟಳು. ವಿಷಯ ಏನೆಂದು ಸಿಸ್ಟರ್ ಬಾಯಿ ಬಿಡಲಿಲ್ಲ. ಬಿಟ್ಟರೆ ಆ ಹೆಂಗಸಿನ ಮಾನ ಹೋಗುತ್ತದಲ್ಲ. ಅವಳು ರಿಕ್ಷಾ ಹತ್ತುವಾಗ ನನಗೆ ಹೊಳೆಯಿತು ನೋಡು! ಓಡಿದೆ. "ಓ ಸಿಸ್ಟರಮ್ಮಾ, ನಿಂತ್ಕಳೇ! ನಿನ್ನ ಗಂಗೂ ನನ್ನ ಮನೇಲೇ ಮೀನು ಕೊಯ್ತಾ ಕೂತಿದ್ದಾಳೆ!" ಕೇರಿಯೆಲ್ಲ ನಕ್ಕಿತು. ನಗಲಿ.

ಒಳಗೆ ಅವರಿಬ್ಬರೇ ಮಾತಾಡಿದರು. ನನ್ನ ಮನೆಯಲ್ಲಿ ನನ್ನನ್ನೇ ಹೊರಗೆ ನಿಲ್ಲಿಸಿದ್ದಕ್ಕೆ ಸಿಟ್ಟು ಬಂದಿತ್ತು. ಆಮೇಲೆ ದಮಯಂತಿ ತಾನಾಗಿಯೇ ಅಳುತ್ತ ಹೇಳಿದಳು. ಗರ್ಭಕೋಶದ ಬಾಯಿಗೆ ಸೋಂಕು, ಹೆಸರು ಕ್ಲಮಿಡಿಯಾ. ನೋವಿಲ್ಲ, ಜ್ವರವಿಲ್ಲ, ಸುಮ್ಮನೆ ಒಳಗೆ ಕೂತು ಬಸಿರಿನ ದಾರಿ ಮುಚ್ಚುತ್ತದಂತೆ. ಆದರೆ ಮಾತ್ರೆಗೆ ವಾಸಿಯಾಗುತ್ತದೆ ಮಗಾ! ಒಳಗೆ ಹೆಚ್ಚು ಹಾಳಾಗಿರದಿದ್ದರೆ ಮಗುವೂ ಆಗಬಹುದಂತೆ. ಇವತ್ತು ನನ್ನೆದುರೇ ಮಾತ್ರೆ ನುಂಗಿದಳು. ಶಿಬಿರಕ್ಕೆ ಹೋದ ಇನ್ನೂ ಕೆಲವರು ಹೀಗೇ ಸಿಕ್ಕಿಲ್ಲ. ನಾಳೆ ಸಿಸ್ಟರ್ ಜೊತೆ ನಾನೇ ಹೊರಡುತ್ತೇನೆ. ಯಾರಿಗೆ ಏನು ಕಾಯಿಲೆ ಎಂದು ಕೇಳುವುದಿಲ್ಲ. ಯಾವ ಸೊಸೆಯ ತವರಿನ ಹೆಸರು ಏನೆಂದು ಅವಳಿಗೆ ಹೇಳುವವರು ಬೇಕಲ್ಲ!

ಸಮುದ್ರದಲ್ಲಿ ಜೋಪಾನ. ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಆಯಿ,
ಹೊನ್ನಮ್ಮ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಇದು ಗಂಡಹೆಂಡಿರ ನಡುವೆ ದಾಟುವ ಕಾಯಿಲೆ. ನೀನೂ ಔಷಧಿ ತೆಗೆದುಕೊಳ್ಳದಿದ್ದರೆ ಅವಳಿಗೆ ಮತ್ತೆ ಬರುತ್ತದೆ. ಕಾಗದ ಸಿಕ್ಕಿದ ದಿನವೇ ಅಲ್ಲಿನ ಆಸ್ಪತ್ರೆಗೆ ಹೋಗು. ಯಾರಿಂದ ಯಾರಿಗೆ ಬಂತೆಂದು ಸಿಸ್ಟರಿಗೂ ಹೇಳಲು ಬರುವುದಿಲ್ಲ, ನಾನೂ ಕೇಳುವುದಿಲ್ಲ. "ಅತ್ತೆ, ಅವ್ರಿಗೆ ಬರೀಬೇಡಿ, ನನ್ನ ಬಿಟ್ಟುಬಿಡ್ತಾರೆ" ಎಂದು ಕೈ ಹಿಡಿದುಕೊಂಡಳು. ಅವಳಿಗೆ ನೀನು ಒಂದು ಮಾತು ಅಂದೆಯೋ, ಈ ಮನೆಯಲ್ಲಿ ಉಳಿಯುವವಳು ಅವಳು, ಹೊರಗೆ ಹೋಗುವವನು ನೀನು.