ಮೈಯೊಳಗಿನ ಕಮಟು

ಮಾರ್ಚ್ ಹನ್ನೊಂದು, ಸೋಮವಾರ

ಈ ಮನೆಯ ಹಿರಿಯಳು ನಾನು. ನಾನು ಮೂಸಿ ಒಪ್ಪದ ಎಣ್ಣೆ ಇವತ್ತಿಗೂ ಒಲೆ ಹತ್ತಿಲ್ಲ. ಡಬ್ಬಿಯಲ್ಲಿ ಕಮಟು ಹಿಡಿದರೆ ಬಾಗಿಲಲ್ಲೇ ತಿಳಿಯುತ್ತದೆ. ಹಿರಿಮಗಳ ಮೈಯೊಳಗೆ ಹಿಡಿದದ್ದು ಮಾತ್ರ ತಿಳಿಯಲಿಲ್ಲ.

ಡಾಕ್ಟರು ಇವತ್ತು ಬಿಡಿಸಿ ಹೇಳಿದರು. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆಯಂತೆ. ಅವಳಲ್ಲಿ ಅವು ಸರಿಯಾಗಿ ಉರಿಯದೆ ಕಿಡಿ ಕಾರುತ್ತವೆ. ಆ ಕಿಡಿಗೆ ಕೋಶದ ಕೊಬ್ಬು ಕೆಟ್ಟ ಎಣ್ಣೆಯಂತೆ ಕಮಟಾಗುತ್ತದೆ. ಅದಕ್ಕೇ ಕಾಲು ಸೋತಿದೆ, ಕಣ್ಣು ಮಂಜಾಗಿದೆ. ವಾಸಿ ಮಾಡುವ ಮದ್ದಿಲ್ಲ.

"ಅವಳಪ್ಪನ ಕಡೆಯಿಂದ ಬಂದಿರಬೇಕು" ಎಂದೆ.

"ಇಲ್ಲಮ್ಮ, ಈ ಒಲೆಗಳು ಮಕ್ಕಳಿಗೆ ತಾಯಿಯಿಂದಲೇ ಬರೋದು."

ಕಾರಿನಲ್ಲಿ ಮಗಳು ನಕ್ಕಳು. "ಅಮ್ಮಾ, ಅಡುಗೆಮನೆ ಬೀಗದ ಕೈ ಯಾರಿಗೂ ಕೊಡಲಿಲ್ಲ ನೀನು. ಇದನ್ನ ಮಾತ್ರ ಕೇಳದೇನೇ ಕೊಟ್ಟೆ ನೋಡು."

"ಸಾಕು, ಬಾಯಿ ಮುಚ್ಚು" ಎಂದೆ. ಅವಳ ಕೈ ಬಿಡಲಿಲ್ಲ.

ಕಿರಿಮಗಳು ಮಗು ಬೇಕೆಂದು ಹಂಬಲಿಸುತ್ತಿದ್ದಾಳೆ. "ಪಾಪ, ಅವಳಿಗೆ ಹೇಳ್ಬೇಡಮ್ಮ" ಎಂದಳು ಇವಳು. ಮನೆಗೆ ಬಂದವಳೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. "ನನ್ನಿಂದ ಬಂದದ್ದು ಕಣೇ. ನಿನ್ನಲ್ಲೂ ಇರಬಹುದು. ಮೊದಲು ಪರೀಕ್ಷೆ ಮಾಡಿಸು."

ಫೋನ್ ಮೊದಲು ಇಟ್ಟವಳು ಅವಳು, ನಾನಲ್ಲ.